ಮೆಟ್ಟಿಲಿಗೆ ಹಸಿ ಮತ್ತಿ ಕೇಳಿದವರು

ಮೇಷ್ಟ್ರು ತೀರಿಕೊಂಡ ಹನ್ನೊಂದನೆಯ ದಿನ ಹಳೆಯ ವಿದ್ಯಾರ್ಥಿಗಳೆಲ್ಲ ಬಾಳ್ಳುಪೇಟೆಯಲ್ಲಿ ಸೇರಿ ಒಂದು ಸಭೆ ಮಾಡಿದೆವು. ಮೈಕು ಹಿಡಿದವರೆಲ್ಲರೂ ಸುತ್ತಿ ಬಳಸಿ ಒಂದೇ ಮಾತಿಗೆ ಬರುತ್ತಿದ್ದರು: ವಾದದಲ್ಲಿ ಅವರನ್ನು ಸೋಲಿಸಿದವರು ಈ ಸೀಮೆಯಲ್ಲೇ ಇಲ್ಲ. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ಎದ್ದು ನಿಂತು "ಆಕ್ಷೇಪಣೆ ಇದೆ" ಎನ್ನಬೇಕೆನಿಸಿತು. ಆಲೂರಿನ ಕೋರ್ಟಿನಲ್ಲಿ ಜೂನಿಯರ್ ವಕೀಲೆಯಾಗಿರುವ ನನಗೆ ಅದು ತುದಿನಾಲಿಗೆಯ ಮಾತು. ಅನ್ನಲಿಲ್ಲ. ಶ್ರದ್ಧಾಂಜಲಿ ಸಭೆಯಲ್ಲಿ ನಿಜ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಹಾಗಾಗಿ ಇಲ್ಲಿ ಹೇಳುತ್ತಿದ್ದೇನೆ.

ಅವರು ಸೋತದ್ದನ್ನು ನಾನು ನೋಡಿದ್ದೇನೆ. ಸೋಲಿಸಿದವಳು ನಾನೇ. ವಿಷಯ: ಹೊಸ ಮನೆಯ ಮೆಟ್ಟಿಲಿಗೆ ಯಾವ ಮರ ಹಾಕಬೇಕು. ಸ್ಥಳ: ಹೈವೇ ಪಕ್ಕದ ಒಂದು ಸಾಮಿಲ್ಲು. ತೀರ್ಪುಗಾರರು: ಮೆಟ್ಟಿಲು ಮಾಡಬೇಕಿದ್ದ ಆಚಾರಿ ಮತ್ತು ಮರ ಕೊಯ್ಯುವ ಮೂವರು. ವಾದ ಮುಗಿಯಲು ಕಾಲು ಗಂಟೆಯೂ ಹಿಡಿಯಲಿಲ್ಲ. ಅದರ ಫಲ ಉಂಡವರು ಮಾತ್ರ ಅವತ್ತು ಅಲ್ಲಿರದಿದ್ದ ಒಬ್ಬರು, ಮೇಷ್ಟ್ರ ಹೆಂಡತಿ.

ಮೇಷ್ಟ್ರು ನಮಗೆ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತಿದ್ದರು. ಕುಳ್ಳಗಿನ ಆಳು. ಡಸ್ಟರು ಸಿಗದಿದ್ದರೆ ಬೋರ್ಡನ್ನು ಎಡಗೈ ತೋಳಿನಿಂದ ಒರೆಸುತ್ತಿದ್ದರು. ಸಿಕ್ಕರೂ ತೋಳಿನಿಂದಲೇ ಒರೆಸುತ್ತಿದ್ದರು. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಚರ್ಚಾಕೂಟ. "ವಿಜ್ಞಾನ ವರವೋ ಶಾಪವೋ" ಅಂತ ಯಾರಾದರೂ ಶುರು ಮಾಡಿದರೆ ಹಲ್ಲುನೋವು ಬಂದವರ ಹಾಗೆ ದವಡೆ ಹಿಡಿದುಕೊಂಡು ಕೂರುತ್ತಿದ್ದರು. ಅವರು ಕೊಡುವ ವಿಷಯಗಳೇ ಬೇರೆ. ಕಾಫಿ ಗಿಡಕ್ಕೆ ಸಿಲ್ವರ್ ಓಕಿನ ನೆರಳು ಸಾಕೋ, ಕಾಡುಮರದ್ದೇ ಬೇಕೋ. ಆನೆ ನಮ್ಮ ದಾರಿಗೆ ಬಂತೋ, ನಾವು ಅದರ ದಾರಿಗೆ ಬಂದೆವೋ.

ನಾವು ಬಿಸಿಯೇರಿ ವಾದಿಸುತ್ತಿರುವಾಗ ಇದ್ದಕ್ಕಿದ್ದಂತೆ ಮೇಜು ತಟ್ಟಿ "ಮಗ್ಗುಲು!" ಅನ್ನುತ್ತಿದ್ದರು. ಅಂದರೆ ಮಗ್ಗುಲು ಬದಲಾಯಿಸು. ಆಡುತ್ತಿದ್ದ ವಾಕ್ಯವನ್ನು ಅರ್ಧಕ್ಕೇ ಬಿಟ್ಟು ಎದುರಾಳಿಯ ಪರ ಮಾತಾಡು. ನನ್ನ ಕ್ಲಾಸಿನ ಒಬ್ಬ ಹುಡುಗನ ದೊಡ್ಡಪ್ಪನ ಗದ್ದೆಯನ್ನು ಅದೇ ವಾರ ಆನೆ ತುಳಿದು ಹಾಕಿತ್ತು. ಕಣ್ಣು ಕೆಂಪಗೆ ಮಾಡಿಕೊಂಡು ಆನೆಯ ವಂಶವನ್ನೇ ಬೈಯುತ್ತಿದ್ದವನಿಗೆ "ಮಗ್ಗುಲು!" ಬಿತ್ತು. ಅವನು ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡ. ಆಮೇಲೆ, "ಆ ಗದ್ದೆ ಮೊದ್ಲು ಕೆರೆ ಅಂಗ್ಳ ಆಗಿತ್ತಂತೆ ಸಾರ್. ಅದು ನೀರು ಕುಡಿಯೋಕೆ ಬಂದಿರ್ಬೋದು," ಅಂದ. ನಾವು ಚಪ್ಪಾಳೆಗೆ ಕೈ ಎತ್ತಿದೆವು. ಮೇಷ್ಟ್ರು ತಡೆದರು. "ಬ್ಯಾಡ. ಚಪ್ಪಾಳೆ ಹೊಡೆಯೋರು ಕೇಳಿಸ್ಕೊಳ್ಳೋದು ನಿಲ್ಲಿಸಿಬುಟ್ಟಿರ್ತಾರೆ ಕಣ್ರೋ."

ಹಾಸನದ ಸ್ಪರ್ಧೆಯಲ್ಲಿ ನನಗೆ ಮೊದಲ ಬಹುಮಾನ ಬಂದ ದಿನ ನಾವಿಬ್ಬರೂ ಬಸ್ಸಿನಲ್ಲಿ ವಾಪಸು ಬರುತ್ತಿದ್ದೆವು. ಶೀಲ್ಡು ನನ್ನ ತೊಡೆಯ ಮೇಲಿತ್ತು. "ಎರಡನೇ ಬಹುಮಾನ ಬಂತಲ್ಲ, ಆ ಹುಡುಗಿ ಏನು ಹೇಳಿದ್ಲು?" ಅಂತ ಕೇಳಿದರು. ನನಗೆ ಒಂದು ಮಾತೂ ನೆನಪಿರಲಿಲ್ಲ. ಅವಳು ಮಾತಾಡುವಾಗ ನಾನು ನನ್ನ ಉತ್ತರ ಹೊಸೆಯುತ್ತಿದ್ದೆ. ಮೇಷ್ಟ್ರು ಶೀಲ್ಡನ್ನು ಎತ್ತಿಕೊಂಡು ತಮ್ಮ ಕಾಲಡಿ ಇಟ್ಟುಕೊಂಡರು. ಆಲೂರು ದಾಟಿತು, ಕೊಡಲಿಲ್ಲ. ಪಾಳ್ಯ ಬಂದಾಗ ಹೇಗೋ ಅವಳ ಒಂದು ಅಂಶ ನೆನಪಾಯಿತು, ಹೇಳಿದೆ. "ಹೂಂ. ಅರ್ಧ ಶೀಲ್ಡು ನಿಂದು," ಅಂತ ವಾಪಸು ಕೊಟ್ಟರು. ಆಮೇಲೆ ಒಂದು ಮಾತು ಹೇಳಿದರು.

"ಎದುರಿಗಿರೋರು ಮೂರು ಕಾರಣ ಕೊಟ್ರು ಅನ್ನು. ಮೂರೂ ಪೊಳ್ಳು. ಆದ್ರೂ ಹಟ ಹಿಡಿದು ನಿಂತವ್ರೆ. ಹಂಗಂದ್ರೆ ಏನು? ನಾಲ್ಕನೇದು ಒಂದು ಒಳಗೈತೆ ಅಂತ. ಅದನ್ನ ಹುಡುಕು. ಮೂರನ್ನ ಹೊಡೆದು ಹಾಕೋದು ಯಾರು ಬೇಕಾದ್ರೂ ಮಾಡ್ತಾರೆ."

ಮನೆಗೆ ಬಂದು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆ ನೋಟ್‌ಬುಕ್ಕು ಇನ್ನೂ ಇದೆ. ಕೆಂಪು ಇಂಕಿನಲ್ಲಿ ಅಡಿಗೆರೆ ಬೇರೆ ಎಳೆದಿದ್ದೇನೆ.

ಮೇಷ್ಟ್ರ ಹೆಂಡತಿಯನ್ನು ನಾವೆಲ್ಲ ಅಕ್ಕಾವ್ರು ಅನ್ನುತ್ತಿದ್ದೆವು. ಮಕ್ಕಳಿಲ್ಲದ ಮನೆ, ಭಾನುವಾರ ನಮ್ಮದೇ ಗಲಾಟೆ. ನಾವು ಹಾಲಿನಲ್ಲಿ ಕಿರುಚಾಡುತ್ತಿದ್ದರೆ ಅಕ್ಕಾವ್ರು ಅಡಿಗೆಮನೆಯಿಂದಲೇ ತೀರ್ಪು ಕೊಡುತ್ತಿದ್ದರು: "ಇಬ್ರೂ ಸೋತ್ರಿ. ಬನ್ನಿ, ರೊಟ್ಟಿ ತಿನ್ನಿ." ಅವರ ತವರು ಪಾಳ್ಯದ ಹತ್ತಿರದ ಒಂದು ಹಳ್ಳಿ. ಅಲ್ಲಿನ ಮನೆ ಬಿದ್ದು ಎಷ್ಟೋ ಕಾಲವಾಗಿತ್ತು, ಗದ್ದೆಗಳು ತಂಗಿಯ ಪಾಲಿಗೆ ಹೋಗಿದ್ದವು. ಆದರೂ ಅಕ್ಕಾವ್ರಿಗೆ "ನಮ್ಮೂರು" ಅಂದರೆ ಅದೇ. ಬಾಳ್ಳುಪೇಟೆ ಏನಿದ್ದರೂ "ಇವರ ಸ್ಕೂಲಿರೋ ಊರು."

ಮೇಷ್ಟ್ರು ನಿವೃತ್ತರಾದ ಮೇಲೆ ಹೈವೇಯಿಂದ ಒಳಕ್ಕೆ ಹೋಗುವ ರಸ್ತೆಯಲ್ಲಿ ಒಂದು ಇಕ್ಕಟ್ಟಿನ ಸೈಟಿನಲ್ಲಿ ಮನೆ ಕಟ್ಟಿಸತೊಡಗಿದರು. ಕೆಳಗೆ ಹಾಲು ಮತ್ತು ಅಡಿಗೆಮನೆ, ಮೇಲೆ ಮಲಗುವ ಕೋಣೆ, ನಡುವೆ ಒಳಮೆಟ್ಟಿಲು. ಊರಲ್ಲೆಲ್ಲ ಹೊಸ ಮನೆಗೆ ಸಿಮೆಂಟಿನ ಮೆಟ್ಟಿಲು, ಅದರ ಮೇಲೆ ಗ್ರಾನೈಟು. ಮೇಷ್ಟ್ರು ಮರವೇ ಆಗಬೇಕು ಅಂದರು. ಯಾಕೆ ಅಂತ ಕೇಳಿದ್ದಕ್ಕೆ, "ಕಲ್ಲಿಗೆ ಬಾಯಿಲ್ಲ ಕಣಮ್ಮ," ಅಂದರು. ಕನ್ನಡ ಮೇಷ್ಟ್ರ ಚಾಳಿ ಅಂದುಕೊಂಡು ನಾನು ನಕ್ಕೆ.

ಆಗ ನನಗೆ ಗೊತ್ತಿಲ್ಲದಿದ್ದ ಸಂಗತಿಯೊಂದನ್ನು ಇಲ್ಲೇ ಹೇಳಿಬಿಡಬೇಕು. ಅಕ್ಕಾವ್ರಿಗೆ ಮರೆವು ಶುರುವಾಗಿತ್ತು. ಕನ್ನಡಕ ಎಲ್ಲಿಟ್ಟೆ ಅನ್ನುವಂಥ ಮರೆವಲ್ಲ. ಮಧ್ಯಾಹ್ನ ಮಲಗಿ ಎದ್ದವರು ಸೆರಗು ಸರಿಮಾಡಿಕೊಂಡು, "ಹೊತ್ತಾಯ್ತು, ನಮ್ಮೂರಿಗೆ ಹೋಗ್ಬೇಕು" ಅಂತ ಹೊರಟುಬಿಡುತ್ತಿದ್ದರು. ಬಾಡಿಗೆ ಮನೆಯಿಂದ ಎರಡು ಸಲ ಹಾಗೆ ಹೋಗಿದ್ದರು; ಎರಡು ಸಲವೂ ಮೇಷ್ಟ್ರು ಹಿಂದೆಯೇ ಓಡಿ ಹೋಗಿ ಕರೆತಂದಿದ್ದರು. ತಿಳಿವಳಿಕೆ ಇದ್ದ ಒಂದು ಹೊತ್ತಿನಲ್ಲಿ ಅಕ್ಕಾವ್ರೇ ಅವರ ಕೈ ಹಿಡಿದು, "ಯಾರಿಗೂ ಹೇಳ್ಬ್ಯಾಡಿ. ಮೇಷ್ಟ್ರು ಹೆಂಡ್ತಿಗೆ ತಲೆ ಕೆಟ್ಟೈತೆ ಅನ್ನೋದು ನನ್ನ ಕಿವಿಗೆ ಬೀಳಬಾರ್ದು," ಅಂದಿದ್ದರು. ಮೇಷ್ಟ್ರು ಮಾತು ಕೊಟ್ಟಿದ್ದರು.

ಸುಳಿವು ನನಗೂ ಸಿಕ್ಕಿತ್ತು. ಒಂದು ದಿನ ಕಾಫಿ ತಂದುಕೊಟ್ಟು ಅಕ್ಕಾವ್ರು ನನ್ನ ಮುಖ ನೋಡಿ, "ನೀನು ಯಾರ ಮಗಳವ್ವ?" ಅಂದರು. ಹತ್ತು ವರ್ಷ ಅವರ ಕೈ ರೊಟ್ಟಿ ತಿಂದವಳು ನಾನು. "ನಿನ್ನ ರೇಗಿಸೋದಂದ್ರೆ ಇವಳಿಗೆ ಇಷ್ಟ," ಅಂದುಬಿಟ್ಟರು ಮೇಷ್ಟ್ರು, ತಡವಿಲ್ಲದೆ. ಕಾಫಿಗೆ ಉಪ್ಪು ಹಾಕಿತ್ತು. ಅದೂ ತಮಾಷೆ ಅಂದುಕೊಂಡೆ. ಸಾಕ್ಷಿಯನ್ನು ಪಾಟೀಸವಾಲಿಗೆ ಎಳೆಯುವುದೇ ನನ್ನ ಕಸುಬು. ಆದರೆ ಅವತ್ತು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಮೆಟ್ಟಿಲಿನ ಮರ ಆರಿಸಲು ಮೇಷ್ಟ್ರು ನನ್ನನ್ನೂ ಕರೆದರು. ಆಚಾರಿ ಆಗಲೇ ಸಾಮಿಲ್ಲಿನಲ್ಲಿದ್ದ. ಯಾವುದೋ ಹಳೆಯ ಮನೆ ಕೆಡವಿದಾಗ ಬಂದ ಹೊನ್ನೆಯ ತೊಲೆಗಳನ್ನು ಮಗ್ಗುಲು ಹೊರಳಿಸಿ ತೋರಿಸುತ್ತಿದ್ದ. ಮೊರದಷ್ಟು ಅಗಲದ ತೊಲೆಗಳು. ಉಳಿ ತಾಗಿದ ಕಡೆ ಅರಿಶಿನ ಕದಡಿದ ಬಣ್ಣ.

"ನೋಡಿ ಸಾ, ಇದು ಒಣಗೋದೆಲ್ಲ ಒಣಗಿ ಮುಗಿಸೈತೆ. ಇನ್ನು ಕುಗ್ಗಲ್ಲ, ಉಬ್ಬಲ್ಲ. ಇದ್ರಲ್ಲಿ ಮೆಟ್ಲು ಕೂರಿಸಿದ್ರೆ ನಾನು ಇರೋಗಂಟ ಕಿರ್ ಅನ್ನಲ್ಲ," ಅಂದ.

"ಇದರ ಲೋಟದಲ್ಲಿ ನೀರು ಕುಡಿದ್ರೆ ಸಕ್ಕರೆ ಕಾಯಿಲೆನೂ ಹೋಗ್ತದಂತೆ," ಅಂದ ಮರ ಕೊಯ್ಯುವವನೊಬ್ಬ.

"ಹಂಗಾದ್ರೆ ಮೆಟ್ಲು ಹತ್ತಿದ್ರೆ ಮಂಡಿ ನೋವೂ ಹೋಗ್ತದೆ ಬಿಡು," ಅಂದೆ. ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. ಅವರು ಅಂಗಳದ ಆಚೆ ತುದಿಯಲ್ಲಿ, ಅವತ್ತೇ ಕೊಯ್ದು ಹಾಕಿದ್ದ ಮತ್ತಿ ಹಲಗೆಗಳ ಮೇಲೆ ಚಪ್ಪಲಿ ಬಿಟ್ಟು ನಿಂತಿದ್ದರು. ಹಲಗೆ ಇನ್ನೂ ತಣ್ಣಗೆ ಒದ್ದೆಯಾಗಿತ್ತು.

"ಇದು ಆಗ್ತದೆ," ಅಂದರು.

ಆಚಾರಿಗೆ ನಂಬಿಕೆಯೇ ಬರಲಿಲ್ಲ. "ಹಸಿ ಮತ್ತಿನಾ? ಸಾ, ಅದು ಒಣಗ್ತಾ ಒಣಗ್ತಾ ತಿರುಚ್ಕೊಳ್ತದೆ, ಮೊಳೆ ಸಡ್ಲ ಆಗ್ತದೆ. ಆರು ತಿಂಗ್ಳಿಗೆ ಕಾಲಿಟ್ರೆ ಕಿರುಗುಟ್ಟೋಕೆ ಶುರು. ಜನ ನನ್ನ ಮುಖಕ್ಕೆ ಉಗೀತಾರೆ."

"ಕಿರುಗುಟ್ಟಲಿ ಬಿಡಪ್ಪ," ಅಂದರು ಮೇಷ್ಟ್ರು. "ಮರ ಮನೆ ಜೊತೆನೇ ಒಣಗಲಿ. ಆಗ ಮನೆಗೆ ಒಗ್ಗಿಕೊಳ್ತದೆ."

ನನಗೆ ರೋಮಾಂಚನವಾಯಿತು. ಅಷ್ಟು ದುರ್ಬಲವಾದ ವಾದವನ್ನು ಅವರ ಬಾಯಿಂದ ನಾನು ಕೇಳಿರಲೇ ಇಲ್ಲ. "ಮರಕ್ಕೆ ಮನೆ ಯಾರದು ಅಂತ ಗೊತ್ತಾಗುತ್ತಾ ಸಾರ್? ಗೊತ್ತಾಗೋದು ಬಿಸಿಲು, ತೇವ ಎರಡೇ," ಅಂದೆ.

"ಹಳೇ ಮನೆ ತೊಲೆ ನಂಗ್ಯಾಕೋ ಬ್ಯಾಡ. ಯಾರ ಮನೇದೋ, ಆ ಮನೇಲಿ ಏನಾಗಿತ್ತೋ."

"ನೀವಾ ಸಾರ್ ಇದನ್ನ ಹೇಳೋದು? ಅಮಾವಾಸ್ಯೆ ದಿನ ಚರ್ಚಾಕೂಟ ಇಟ್ಟು, ಬರದೆ ಇದ್ದೋರ ಹೆಸರು ಬೋರ್ಡ್ ಮೇಲೆ ಬರೆದೋರು?"

ಆಚಾರಿ ಕಿಸಕ್ಕನೆ ನಕ್ಕ. ಮೇಷ್ಟ್ರ ಮುಖ ಸ್ವಲ್ಪ ಕೆಂಪೇರಿತು. ಹಲಗೆಯ ಮೇಲಿಂದ ಇಳಿಯಲಿಲ್ಲ. ಕೊನೆಗೆ, ಯಾರ ಕಡೆಯೂ ನೋಡದೆ ಅಂದರು: "ಮೆಟ್ಲು ಅಂದ್ರೆ ಸ್ವಲ್ಪ ಸದ್ದು ಇರ್ಬೇಕು ಕಣಮ್ಮ. ಯಾರು ಹತ್ತಿದ್ರು, ಯಾರು ಇಳಿದ್ರು ಅಂತ ಗೊತ್ತಾಗ್ತದೆ."

"ಸದ್ದು ಬೇಕಿದ್ರೆ ಒಂದು ರೇಡಿಯೋ ತಗೊಳ್ಳಿ ಸಾರ್. ಅದಕ್ಕೆ ಮೆಟ್ಟಿಲು ಯಾಕೆ ಕೆಡಿಸ್ತೀರ?"

ಸಾಮಿಲ್ಲಿಗೆ ಸಾಮಿಲ್ಲೇ ನಕ್ಕಿತು. ಒಬ್ಬ ಚಪ್ಪಾಳೆಯನ್ನೂ ಹೊಡೆದ.

ಮೂರು ಕಾರಣ, ಮೂರೂ ಪೊಳ್ಳು, ಆದರೂ ಹಟ. ಎಲ್ಲ ಲಕ್ಷಣವೂ ಕಣ್ಣೆದುರೇ ಇತ್ತು. ಮೇಷ್ಟ್ರು ನನ್ನತ್ತ ತಿರುಗಿ ಬಾಯಿ ತೆರೆದರು. "ಮಗ್ಗುಲು" ಅನ್ನುವುದಕ್ಕೇ ತೆರೆದಿದ್ದು ಅಂತ ನನಗೆ ಇಂದಿಗೂ ಅನ್ನಿಸುತ್ತದೆ. ಅಂದಿದ್ದರೆ ನಾನು ಅಭ್ಯಾಸಬಲದಿಂದಲೇ ಅವರ ಪರ ನಿಂತು, ಸದ್ದು ಮಾಡುವ ಮೆಟ್ಟಿಲು ಯಾರಿಗೆ, ಯಾತಕ್ಕೆ ಬೇಕಾಗಬಹುದು ಅಂತ ಹುಡುಕುತ್ತಿದ್ದೆ. ಎರಡು ನಿಮಿಷದಲ್ಲಿ ಅಕ್ಕಾವ್ರ ಉಪ್ಪಿನ ಕಾಫಿಗೆ ಬಂದು ಮುಟ್ಟುತ್ತಿದ್ದೆ. ಆದರೆ ಸುತ್ತ ನಾಲ್ಕು ಜನ ಇದ್ದರು. ಮೇಷ್ಟ್ರು ಅವರನ್ನೊಮ್ಮೆ ನೋಡಿದರು. ಇಲ್ಲದ ಸೀಮೆಸುಣ್ಣವನ್ನು ಎಡತೋಳಿಗೆ ಒರೆಸಿಕೊಂಡು, "ಆಯ್ತಮ್ಮ, ನಿಂದೇ ಗೆಲುವು," ಅಂತ ಚಪ್ಪಲಿ ಮೆಟ್ಟಿಕೊಂಡರು.

ಅವತ್ತು ಸಂಜೆ ನಾನು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ: ಮೇಷ್ಟ್ರನ್ನು ಸೋಲಿಸಿದೆ.

ಹೊನ್ನೆಯ ಮೆಟ್ಟಿಲು ಆಚಾರಿ ಹೇಳಿದ ಹಾಗೇ ಬಂತು. ಗೃಹಪ್ರವೇಶದ ದಿನ ಬಂದವರೆಲ್ಲ ಹತ್ತಿ ಇಳಿದು, ಕೈಯಲ್ಲಿ ಸವರಿ, ಹೊಗಳಿದರು. ಮಕ್ಕಳು ದಡದಡ ಓಡಿದರೂ ಹಲಗೆ ಮಿಸುಕಲಿಲ್ಲ. ಅಕ್ಕಾವ್ರು ಹೊಸ ಸೀರೆಯುಟ್ಟು ಮೇಲಿನ ಮೆಟ್ಟಿಲ ಮೇಲೆ ನಿಂತಿದ್ದರು. ಅವರು ಇಳಿದು ಬಂದು ನನ್ನ ಹಿಂದೆ ನಿಂತದ್ದು ಅವರ ಕೈ ನನ್ನ ಹೆಗಲ ಮೇಲೆ ಬೀಳುವವರೆಗೂ ನನಗೆ ತಿಳಿಯಲಿಲ್ಲ.

ಆಷಾಢದ ಒಂದು ಮಧ್ಯಾಹ್ನ ಮೇಷ್ಟ್ರು ಹಾಲಿನಲ್ಲಿ ಪೇಪರು ಓದುತ್ತಾ ತೂಕಡಿಸಿದರು. ಅಕ್ಕಾವ್ರು ಮೇಲೆ ಮಲಗಿದ್ದವರು ಎದ್ದು, ಇಳಿದು, ಬಾಗಿಲು ತೆರೆದು ಹೊರಟರು. ಹೆಂಗಸರಿಗೆ ಬಸ್ಸಿನಲ್ಲಿ ದುಡ್ಡು ಕೇಳುವುದಿಲ್ಲವಲ್ಲ, ಕೈಯಲ್ಲಿ ಕಾಸಿಲ್ಲದೆಯೂ ಹತ್ತಿದರು. ಆಮೇಲೆ ಅವರ ಸೊಂಟದ ಚೀಲದಲ್ಲಿ ಸಿಕ್ಕಿದ ಟಿಕೆಟ್ಟಿನ ಮೇಲೆ ಪಾಳ್ಯ ಅಂತಿತ್ತು. ಮಳೆ ಬಿಡದೆ ಹೊಡೆಯುತ್ತಿತ್ತು. ನಾವು ಬಾಳ್ಳುಪೇಟೆಯ ಸುತ್ತಮುತ್ತಲೇ ಹುಡುಕಿದೆವು; ತಂಗಿಯ ಮನೆಗೆ ಫೋನು ಮಾಡಿದರೆ ಅಲ್ಲಿಗೆ ಬಂದಿಲ್ಲ ಅಂದರು. ಮರುದಿನ ಬೆಳಿಗ್ಗೆ ನಾಟಿಗೆ ಹೋದವರ ಕಣ್ಣಿಗೆ ಅಕ್ಕಾವ್ರು ಬಿದ್ದರು. ತವರಿನ ಮನೆಯಿದ್ದ ಜಾಗದ ಪಕ್ಕ, ಗದ್ದೆಯ ಬದುವಿನ ಮೇಲೆ ಸೆರಗು ಹೊದ್ದು ಕೂತಿದ್ದರಂತೆ. "ಬಾಗ್ಲು ತೆಗೀತಿಲ್ಲ ಯಾರೂವೆ," ಅಂದರಂತೆ. ಹಾಸನದ ಆಸ್ಪತ್ರೆಯಲ್ಲಿ ಎಂಟು ದಿನ ಇದ್ದರು. ಎದೆಯಲ್ಲಿ ಕಫ ಕಟ್ಟಿತ್ತು. ಒಂಬತ್ತನೆಯ ದಿನ ಹೋದರು.

ನಾಲ್ಕನೆಯ ಕಾರಣವನ್ನು ಮೇಷ್ಟ್ರು ನನಗೆ ಹೇಳಿದ್ದು ಒಂದು ತಿಂಗಳ ನಂತರ, ನಾನೇ ಕೇಳಿದ್ದಕ್ಕೆ. ಯಾವುದೋ ಊರಿನ ಬಸ್ಸಿನ ಸಮಯ ಹೇಳುವವರ ಹಾಗೆ ಹೇಳಿದರು.

"ಬಾಗಿಲಿಗೆ ಬೀಗ ಹಾಕಬಹುದಿತ್ತಲ್ಲ ಸಾರ್?" ಅಂದೆ.

"ಹಾಕಿದ್ದೆ ಒಂದಿನ. ನಾನೇನು ಕಳ್ಳಿನಾ ಅಂತ ಕೇಳಿದ್ಲು."

"ಬಾಗಿಲಿಗೆ ಒಂದು ಗಂಟೆ ಕಟ್ಟಬಹುದಿತ್ತಲ್ಲ?"

"ಗಂಟೆ ಕಟ್ಟೋಕೆ ಅವಳೇನು ಹಸಾನೇನಮ್ಮ?" ಅಂದರು. "ಮೆಟ್ಲು ಕಿರ್ ಅಂದ್ರೆ ಅದು ಮರದ ಗುಣ. ಯಾರೋ ನನ್ನ ಕಾಯ್ತಾವ್ರೆ ಅಂತ ಅವಳಿಗೆ ಅನ್ನಿಸ್ತಿರಲಿಲ್ಲ."

ನಾನು ಅತ್ತೆ. ನನ್ನ ತಪ್ಪು ಅಂದೆ. ಅವರು ಅಲ್ಲವೆಂದು ತಲೆಯಾಡಿಸಿದರು. "ನನ್ನ ಕಾರಣ ನಾನೇ ಹೇಳಲಿಲ್ಲ. ಆಡದೇ ಇರೋ ಮಾತಿಗೆ ಅಂಕ ಇಲ್ಲ."

ಇದನ್ನು ನಾನು ಒಪ್ಪುವುದಿಲ್ಲ. ಆಡದ ಮಾತಿಗೇ ಕಿವಿಗೊಡು ಅಂತ ಹೇಳಿಕೊಟ್ಟವರು ಅವರೇ. ಆದರೆ ಅವರ ವಿರುದ್ಧ ಇನ್ನೊಂದು ವಾದ ಗೆಲ್ಲುವ ಧೈರ್ಯ ನನಗೆ ಉಳಿದಿರಲಿಲ್ಲ.

ಆಮೇಲೆ ಈ ವಾದವನ್ನು ಒಬ್ಬಳೇ ಎಷ್ಟು ಸಲ ಮಾಡಿದ್ದೇನೋ. ನನ್ನ ಪರ: ಮತ್ತಿ ಹಾಕಿದ್ದರೂ ಆಷಾಢದ ಹೊತ್ತಿಗೆ ಅದು ಕಿರುಗುಟ್ಟುತ್ತಿತ್ತು ಅಂತ ಏನು ಖಾತ್ರಿ? ಮಳೆಗಾಲದಲ್ಲಿ ಮರ ಉಬ್ಬಿ ಬಿಗಿಯುತ್ತದೆ. ಹೈವೇಯ ಲಾರಿಗಳ ಸದ್ದಿನಲ್ಲಿ ಒಂದು ಹಲಗೆಯ ಸದ್ದು ತೂಕಡಿಸುವವರ ಕಿವಿಗೆ ಬೀಳುತ್ತಿತ್ತೆ? ಮಗ್ಗುಲು. ಮೂವತ್ತು ವರ್ಷಗಳ ಕಾಲ, ಕ್ಲಾಸಿನ ಕೊನೆಯ ಬೆಂಚಿನ ಪಿಸುಮಾತನ್ನು ಬೋರ್ಡಿಗೆ ಮುಖಮಾಡಿಯೇ ಕೇಳಿಸಿಕೊಂಡ ಕಿವಿ ಅದು. ಅದೇನು ಕೇಳುತ್ತಿತ್ತು, ಏನು ಕೇಳುತ್ತಿರಲಿಲ್ಲ ಅಂತ ಹೇಳಲು ನಾನು ಯಾರು? ಅಲ್ಲಿಗೆ ನಿಲ್ಲುತ್ತೇನೆ. ಮೇಜು ತಟ್ಟುವವರಿಲ್ಲ.

ಮೇಷ್ಟ್ರು ಅದಾದ ಮೇಲೆ ಎರಡು ವರ್ಷ ಇದ್ದರು. ವಾದ ಮಾಡುವುದನ್ನು ಬಿಟ್ಟಿದ್ದರು. ನಾನು ಕೋರ್ಟಿನ ಕಥೆ ಹೇಳಿದರೆ, "ಹೂಂ, ಆ ಕಡೆಯವ್ರು ಏನಂದ್ರು?" ಅಂತಷ್ಟೇ ಕೇಳುತ್ತಿದ್ದರು. ಕಳೆದ ತಿಂಗಳು ಪೇಪರು ಕೈಯಲ್ಲಿರುವಾಗಲೇ ಹೋದರು.

ಮನೆ ಈಗ ಅಕ್ಕಾವ್ರ ತಂಗಿಗೆ ಸೇರುತ್ತದೆ. ಬಾಡಿಗೆಗೆ ಕೊಡುವ ಹೊಣೆಯನ್ನು ನನಗೇ ವಹಿಸಿದ್ದಾರೆ. ಸಣ್ಣಪುಟ್ಟ ರಿಪೇರಿ ನೋಡಲು ಮೊನ್ನೆ ಆಚಾರಿಯನ್ನು ಕರೆಸಿದ್ದೆ. ನಾನು ಮೇಲಿನ ಕೋಣೆಯಿಂದ ಪುಸ್ತಕದ ಕಟ್ಟು ಹೊತ್ತು ಇಳಿಯುತ್ತಿದ್ದಾಗ ನಡುವಿನ ಒಂದು ಮೆಟ್ಟಿಲು ಕಾಲಡಿಯಲ್ಲಿ ಕಿರ್ ಅಂದಿತು. ನಾನು ಅಲ್ಲೇ ನಿಂತೆ.

"ಹೋದ ಬೇಸಿಗೇಲಿ ಶುರುವಾಯ್ತು ಕಣಮ್ಮ," ಅಂದ ಆಚಾರಿ, ತನ್ನ ಮಾತು ತಪ್ಪಿದ ನಾಚಿಕೆಯಲ್ಲಿ. "ಅಷ್ಟು ಹಳೇ ಹೊನ್ನೆ, ಹೆಂಗೆ ಬಿಟ್ಕೊಳ್ತೋ ದೇವ್ರೇ ಬಲ್ಲ. ಸರಿ ಮಾಡ್ತೀನಿ ಅಂತ ಎರಡು ಸಲ ಬಂದೆ. ಮೇಷ್ಟ್ರು ಕೈ ಹಾಕೋಕೆ ಬಿಡ್ಲಿಲ್ಲ. ಮಧ್ಯಾಹ್ನ ಕಿಟಕಿ ಬಿಸಿಲು ಬಿದ್ರೆ ಯಾರೂ ಕಾಲಿಡದೇನೇ ಕಿರ್ ಅಂತೈತೆ ಅದು. ಒಂದಿನ ನಾನಿಲ್ಲೇ ಕಿಟಕಿ ಚಿಲಕ ಕೂರಿಸ್ತಿದ್ದೆ. ಮೆಟ್ಲು ಸದ್ದಾಯ್ತು. ಮೇಷ್ಟ್ರು ಪೇಪರಿಂದ ತಲೆ ಎತ್ತಿ, 'ಎಲ್ಲಿಗೆ ಹೊರಟೆ? ತಡಿ, ನಾನೂ ಬಂದೆ' ಅಂದ್ಬುಟ್ರು. ಮೇಲೆ ಯಾರಿದ್ರು ಹೇಳಿ?"

ಆಚಾರಿ ಚೀಲದಿಂದ ಸ್ಕ್ರೂ ಡ್ರೈವರು ತೆಗೆದು ಮೆಟ್ಟಿಲ ಬಳಿ ಕುಕ್ಕರಗಾಲಲ್ಲಿ ಕೂತ. "ಬಾಡಿಗೆಯವ್ರು ಬರೋ ಮೊದ್ಲು ಎರಡು ಸ್ಕ್ರೂ ಬಿಗಿದು ಬುಡ್ತೀನಿ. ಐದು ನಿಮಿಷದ ಕೆಲ್ಸ."

"ಬೇಡ," ಅಂದೆ.

"ಯಾಕಮ್ಮ?"

ಹಳೆಯ ಮರಕ್ಕೆ ಹೊಸ ಸ್ಕ್ರೂ ಹಾಕಿದರೆ ಸೀಳುತ್ತದೆ ಅಂದೆ. ಬಾಡಿಗೆಗೆ ಬರುವವರು ಮಕ್ಕಳೊಂದಿಗರು, ಮಕ್ಕಳು ಹತ್ತಿದರೆ ಕೆಳಗಿದ್ದವರಿಗೆ ತಿಳಿಯುವುದು ಒಳ್ಳೆಯದೇ ಅಂದೆ. ಅಷ್ಟಕ್ಕೂ ಮಳೆ ಬಿದ್ದರೆ ತಾನಾಗಿಯೇ ಬಿಗಿಯುತ್ತದೆ ಅಂದೆ.

ಆಚಾರಿ ಮೂರನ್ನೂ ಕೇಳಿಸಿಕೊಂಡ. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಸ್ಕ್ರೂ ಡ್ರೈವರನ್ನು ಚೀಲಕ್ಕೆ ಹಾಕಿಕೊಂಡ.